ದಾರಾ ಬಿಡಿಸಿದ್ರಿಲ್ಲೋ

ಕಾರು ನಿಲ್ಲಿಸಿ ಎಂಜಿನ್ ಆರಿಸಿದ ಮೇಲೂ ಮಾಧವನಿಗೆ ಸ್ಟಿಯರಿಂಗ್ ಬಿಡಲು ಮನಸ್ಸಾಗಲಿಲ್ಲ. ಎದುರಿಗೇ, ಕಾರ್ ಪಾರ್ಕಿನ ಬೇಲಿಯ ಮೂಲೆಯಲ್ಲಿ, ಆ ಕೆಂಪು ಡಬ್ಬಿ ನಿಂತಿತ್ತು. ಅದರ ಮೇಲೊಂದು ನಾಯಿಯ ಚಿತ್ರ. ಚಿತ್ರದ ಕೆಳಗೆ, ನಿಮ್ಮ ನಾಯಿ ಮಾಡಿದ್ದನ್ನು ಚೀಲದಲ್ಲಿ ಕಟ್ಟಿ ದಯವಿಟ್ಟು ಇಲ್ಲೇ ಹಾಕಿ ಎಂದು ಕೌನ್ಸಿಲಿನವರ ವಿನಂತಿ. ಎರಡು ವರ್ಷದಿಂದ ಶನಿವಾರ ಶನಿವಾರ ಅವನು ಮನೆಯ ದೇವರ ಮೇಲಿನ ಹೂವು ತಂದು ಹಾಕುತ್ತಿದ್ದದ್ದು ಆ ಡಬ್ಬಿಗೆ. ಅವು ಕೆರೆಯ ನೀರು ಸೇರುತ್ತಿವೆ ಎಂದು ಹೆಂಡತಿ ಕಲ್ಯಾಣಿ ನಂಬಿದ್ದಳು. ಅವಳು ಇವತ್ತು ಪಕ್ಕದ ಸೀಟಿನಲ್ಲಿ ಕೂತಿದ್ದಳು, ವಾರದ ನಿರ್ಮಾಲ್ಯದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು. ಜನವರಿಯಲ್ಲಿ ಮಂಡಿ ಬದಲಿಸುವ ಆಪರೇಶನ್ ಆಗಿ, ಐದು ತಿಂಗಳು ಮನೆಯ ಮೆಟ್ಟಿಲನ್ನೇ ಬೆಟ್ಟವೆಂದು ಹತ್ತಿ ಇಳಿದು, ಎರಡು ವರ್ಷದ ಮೇಲೆ ಮೊದಲ ಸಲ ಕೆರೆ ನೋಡಲು ಬಂದಿದ್ದಳು. ಬೇಡ, ಇನ್ನೊಂದು ತಿಂಗಳು ಹೋಗಲಿ ಎಂದು ಅವನು ಡಾಕ್ಟರಾಗಿ ಹೇಳಿ ನೋಡಿದ, ಗಂಡನಾಗಿ ಹೇಳಿ ನೋಡಿದ, ಎರಡೂ ನಡೆಯಲಿಲ್ಲ. ಮನೆಯಿದ್ದ ರೇನರ್ಸ್ ಲೇನ್‌ನಿಂದ ಇಲ್ಲಿಯತನಕ ದಾರಿಯುದ್ದಕ್ಕೂ ಅವನು ಒಂದು ಸಣ್ಣ ಉಪಾಯ ಹೆಣೆದುಕೊಂಡಿದ್ದ: ಅವಳನ್ನು ಬೆಂಚಿನ ಮೇಲೆ ಕೂರಿಸಿ, ಚೀಲ ತಾನು ತೆಗೆದುಕೊಂಡು ಹೋಗಿ, ಇದೊಂದು ಸಲ ನಿಜವಾಗಿಯೂ ನೀರಿಗೆ ಹಾಕಿ ಬಂದುಬಿಡುವುದು. ಒಂದು ಬೆಳಗ್ಗೆ ದಾಟಿದರೆ ಸಾಕು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಅವನಿಗೆ ಅಷ್ಟೆಲ್ಲ ಬೇಡವಾಗಿತ್ತು, ಮುಂದಿನ ಶನಿವಾರದ ತನಕ ಸಾಕಾಗಿತ್ತು.

‘ಇಳೀರಿ ಮತ್ತ, ಎಲ್ಲಾರೂ ಬಂದಾರ,’ ಎಂದಳು ಕಲ್ಯಾಣಿ.

ಇಳಿದ. ಮೈ ಭಾರವಾಗಿತ್ತು. ಅರವತ್ತೊಂದಕ್ಕೆ ಇಷ್ಟು ಭಾರವಾಗಬಾರದು ಎಂದು ಅವನಿಗೇ ಗೊತ್ತಿತ್ತು. ಆದರೆ ವಾರಕ್ಕೆ ಮೂರೇ ದಿನ ಆಸ್ಪತ್ರೆಗೆ ಹೋಗುವಂತಾದ ಮೇಲೆ ದಣಿವು ಕಡಿಮೆಯಾಗುವ ಬದಲು ಉಳಿದ ನಾಲ್ಕು ದಿನಕ್ಕೂ ಹರಡಿಕೊಂಡಿತ್ತು. ಅವನದು ಅನಸ್ತೇಶಿಯಾ. ಮೂವತ್ತು ವರ್ಷದಿಂದ ಮಲಗಿದವರ ತಲೆಯ ಹತ್ತಿರ ನಿಂತು, ಹತ್ತರಿಂದ ಹಿಂದಕ್ಕೆ ಎಣಿಸಿ ಎಂದು ಹೇಳುವ ಕೆಲಸ. ಏಳರ ಆಚೆ ಯಾರೂ ಹೋದದ್ದಿಲ್ಲ. ಎದ್ದ ಮೇಲೆ ಯಾರಿಗೂ ಏನೂ ಗೊತ್ತಿರುವುದಿಲ್ಲ, ಗೊತ್ತಿಲ್ಲದ್ದರಿಂದ ನೋವಿಲ್ಲ, ನೋವಿಲ್ಲದ್ದರಿಂದ ಕೃತಜ್ಞತೆ. ಮನೆಯಲ್ಲೂ ಅವನು ಅದೇ ವಿದ್ಯೆಯನ್ನು ಸ್ವಲ್ಪ ಬಳಸಿದ್ದ, ಅಷ್ಟೇ. ಶನಿವಾರ ಕೆರೆಯಿಂದ ಬಂದು ಬಾಗಿಲಲ್ಲಿ ಬೂಟು ಬಿಚ್ಚುವಾಗ ಅಡಿಗೆಮನೆಯಿಂದ ಕಲ್ಯಾಣಿ ತಪ್ಪದೆ ಕೇಳುತ್ತಿದ್ದಳು: ‘ದಾರಾ ಬಿಡಿಸಿದ್ರಿಲ್ಲೋ?’ ಅವನು ಬೂಟಿನ ಲೇಸಿಗೆ ಹೇಳುವಂತೆ ‘ಹೂಂ’ ಎನ್ನುತ್ತಿದ್ದ. ಹೂವು ನೀರಿಗೆ, ದಾರ ಒಲಿಗೆ ಎನ್ನುವುದು ಅವಳ ತಾಯಿಯ ಮಾತು. ಧಾರವಾಡದಲ್ಲಿ ಕೆಲಗೇರಿ ಕೆರೆಯ ದಂಡೆಗೆ ಇವಳನ್ನೂ ಇವಳ ತಮ್ಮ ಆತ್ರೇಯನನ್ನೂ ಕರೆದುಕೊಂಡು ಹೋಗಿ, ಮಾಲೆಯ ಒಂದೊಂದೇ ಹೂವನ್ನು ದಾರದಿಂದ ಬಿಡಿಸಿ ನೀರಿಗೆ ಬಿಟ್ಟು, ದಾರವನ್ನು ಬೆರಳಿಗೆ ಸುತ್ತಿ ಸೆರಗಿನ ತುದಿಗೆ ಕಟ್ಟಿಕೊಂಡು ವಾಪಸು ತರುತ್ತಿದ್ದಳಂತೆ. ಹಕ್ಕಿಯ ಕಾಲಿಗೆ ಸಿಕ್ಕಿದರೆ ಅದರ ಶಾಪ ಯಾರಿಗೆ ತಟ್ಟೀತು ಎನ್ನುತ್ತಿದ್ದಳಂತೆ. ಆ ಎಲ್ಲ ಶ್ರದ್ಧೆಯ ಉತ್ತರಾಧಿಕಾರಿ ಈಗ ಈ ‘ಹೂಂ’ ಆಗಿತ್ತು. ನೂರು ಸಲವಾದರೂ ಹೇಳಿದ್ದ.

ಶುರುವಾದದ್ದು ಹೀಗಲ್ಲ. ಮೊದಲು ಅವಳು ಹೂವನ್ನು ಹಿತ್ತಲಿನ ಗುಲಾಬಿಯ ಬುಡಕ್ಕೆ ಹಾಕುತ್ತಿದ್ದಳು. ನರಿಗಳು ಕೆದರಿ ಸೇವಂತಿಗೆಯನ್ನು ಪಕ್ಕದ ಮನೆಯವರ ಹುಲ್ಲಿನ ಮೇಲೆಲ್ಲ ಎಳೆದಾಡಿದ ಮೇಲೆ ಕೆರೆಯೇ ವಾಸಿ ಎಂದು ನಿರ್ಧರಿಸಿದಳು. ರೈಸ್ಲಿಪ್ ದಾಟಿ ಬಂದರೆ ಇದೊಂದು ಹಳೆಯ ಜಲ್ಲಿ ಗಣಿ, ಅಗೆದು ಬಿಟ್ಟದ್ದರಲ್ಲಿ ನೀರು ತುಂಬಿ ಕೆರೆಯಾಗಿ, ಜೊಂಡು ಬೆಳೆದು, ಹಕ್ಕಿ ಬಂದು, ಹಕ್ಕಿಯ ಹಿಂದೆ ಜನ ಬಂದ ಜಾಗ. ಕನ್ನಡದವರ ಶನಿವಾರದ ನಡಿಗೆಯ ಗುಂಪು ಇಲ್ಲಿಗೇ ಬರುತ್ತಿತ್ತು. ಅವಳ ಮಂಡಿ ಕೈಕೊಟ್ಟ ಮೇಲೆ ಚೀಲ ಅವನ ಕೈಗೆ ಬಂತು. ಮೊದಲ ಶನಿವಾರ ಸರಿಯಾಗಿಯೇ ಹಾಕಬೇಕೆಂದು ನೀರಿನ ಮೇಲೆ ಚಾಚಿದ ಮರದ ಕಟ್ಟೆಯ ತುದಿಗೆ ಹೋಗಿ, ಚೀಲದ ಬಾಯಿ ಬಿಚ್ಚಿ ಕೂತಿದ್ದ. ಹಿಂದಿನಿಂದ ಒಂದು ದನಿ, ಬಹಳ ನಯವಾದ ದನಿ, ಎಕ್ಸ್‌ಕ್ಯೂಸ್ ಮಿ, ನೀರಿಗೆ ಏನು ಹಾಕುತ್ತಿದ್ದೀರಿ ಕೇಳಬಹುದೇ ಎಂದಿತು. ಕೊರಳಲ್ಲಿ ದುರ್ಬೀನು ಹಾಕಿಕೊಂಡ ಒಬ್ಬ ಮುದುಕ. ಕೇಳಿದ್ದಿಷ್ಟೇ. ಮಾಧವ ಚೀಲವನ್ನು ಬೆನ್ನ ಹಿಂದೆ ಸರಿಸಿ, ‘ನಥಿಂಗ್, ನಥಿಂಗ್,’ ಎಂದ, ಪಾಟಿಯ ಮೇಲೆ ಬರೆದದ್ದನ್ನು ಮಾಸ್ತರರಿಂದ ಮುಚ್ಚಿಡುವ ಹುಡುಗನಂತೆ. ಹೇಳಬಹುದಿತ್ತು. ದೇವರು, ನಿನ್ನೆಯ ಹೂವು, ಕಸದಲ್ಲಿ ಹಾಕಬಾರದು, ತುಳಿಯಬಾರದು. ಆದರೆ ಇಂಗ್ಲಿಷಿನಲ್ಲಿ ಜೋಡಿಸಹೋದರೆ ಒಂದೊಂದು ಮಾತೂ ರೋಗಿ ತನ್ನ ಲಕ್ಷಣ ಹೇಳಿಕೊಂಡಂತೆ ಕೇಳುತ್ತಿತ್ತು. ಚೀಲವನ್ನು ಕೋಟಿನೊಳಗೆ ಇಟ್ಟುಕೊಂಡು ಎದ್ದುಬಂದ. ಕಾರ್ ಪಾರ್ಕಿನಲ್ಲಿ ಇದ್ದದ್ದು ಆ ಒಂದೇ ಡಬ್ಬಿ. ಮುಚ್ಚಳ ಎತ್ತುವಾಗ ವಾಸನೆ ಬಂತು, ಮುಖ ತಿರುಗಿಸಿ ಹಾಕಿದ. ಎರಡನೆಯ ಶನಿವಾರ ಕಟ್ಟೆಯ ತನಕ ಹೋಗಲೇ ಇಲ್ಲ.

‘ಆಂಟಿ! ಕೊನೆಗೂ ಬಂದ್ರಲ್ಲ!’ ವಾಸು ಗೇಟಿನ ಹತ್ತಿರದಿಂದ ಕೂಗಿದ. ನಡಿಗೆಯ ಗುಂಪು ಕಟ್ಟಿದವನು ಅವನೇ. ಬೆಂಗಳೂರಿನವನು, ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಕೆಲಸ, ಕೊರಳಲ್ಲಿ ತೋಪಿನಂಥ ಕ್ಯಾಮೆರಾ. ಅವನ ಪಕ್ಕದಲ್ಲಿ ಅತ್ತೆ ನೀಲವ್ವ, ಇಳಕಲ್ ಸೀರೆಯ ಕೆಳಗೆ ಬಿಳಿಯ ಬೂಟು, ತುರುಬಿನಲ್ಲಿ ಈಸ್ಟ್ ಹ್ಯಾಮಿನಿಂದ ತರಿಸಿದ ಒಂದು ಮೊಳ ಮಲ್ಲಿಗೆ. ಗದಗಿನಿಂದ ಮಗಳ ಮನೆಗೆ ಆರು ತಿಂಗಳಿಗೆಂದು ಬಂದವಳು. ಬಂದ ಮೊದಲ ಶನಿವಾರವೇ ಕೆರೆ ಕಂಡು ಕೈ ಮುಗಿದಿದ್ದಳು, ಆಮೇಲೆ ಒಂದು ವಾರವೂ ತಪ್ಪಿಸಿರಲಿಲ್ಲ. ಇನ್ನೂ ಏಳೆಂಟು ಜನ ಬೇಲಿಗೆ ಅಂಟಿಸಿದ ಒಂದು ಕಾಗದದ ಮುಂದೆ ನಿಂತಿದ್ದರು. ಮಾಧವ ಅವರ ಭುಜಗಳ ನಡುವಿನಿಂದ ಅದನ್ನು ಓದಿದ. ಓದುವುದರಲ್ಲಿ ಅವನು ಬಹಳ ಚುರುಕು. ಕೇಸ್ ಪೇಪರ್ ನೋಡಿ ನೋಡಿ ಆದ ಅಭ್ಯಾಸ. ಪ್ಲಾಸ್ಟಿಕ್ ಕವರಿನೊಳಗೆ ಕಪ್ಪು ಬಿಳುಪಿನ ಫೋಟೋ, ಮಗ್ಗುಲಾಗಿ ಬಿದ್ದ ಒಂದು ಹಕ್ಕಿ, ಎರಡೂ ಕಾಲು ಕೂಡಿಸಿ ಏನೋ ಸುತ್ತಿಕೊಂಡದ್ದು. ಮೇ ಕೊನೆಯ ವಾರ ಈ ಕೆರೆಯಲ್ಲಿ ಸಿಕ್ಕ ತಾಯಿ ಕೂಟ್. ಹೂಮಾಲೆಯ ದಾರವಿರಬಹುದು ಎಂಬ ಅನುಮಾನ. ಮರಿಗಳು ಐದಿದ್ದವು, ಈಗ ಮೂರು. ಯಾರಿಗಾದರೂ ಏನಾದರೂ ಗೊತ್ತಿದ್ದರೆ ದಯವಿಟ್ಟು ಕೆರೆಯ ಉಸ್ತುವಾರಿ ನೋಡುವ ವಾರ್ಡನ್‌ಗೆ ತಿಳಿಸಿ. ಅವನಿಗೆ ಗೊತ್ತಾಯಿತು. ಫೋಟೋದಲ್ಲಿ ಬಣ್ಣವಿರಲಿಲ್ಲ, ಆದರೂ ಬಣ್ಣ ಯಾವುದೆಂದು ಗೊತ್ತಾಯಿತು.

ಕಲ್ಯಾಣಿ ಚಾಳೀಸು ಹುಡುಕಿ ಹಾಕಿಕೊಂಡು ನಿಧಾನವಾಗಿ ಓದಿದಳು. ‘ಅಯ್ಯ, ನಾಮದ ಕೋಳಿ ನೋಡ್ರಿ ಇದು. ನಮ್ಮ ಕೆಲಗೇರಿ ಕೆರಿಯಾಗ ಹಿಂಡಗಟ್ಟಲೆ ಇರತಿದ್ವು. ಹಣೀ ಮ್ಯಾಲೆ ಬೆಳ್ಳಗ ನಾಮಾ ಇರತದ, ಅದಕ್ಕ.’ ಮತ್ತೆ ಮೊದಲಿನಿಂದ ಓದಿದಳು. ‘ಯಾರೋ ಪುಣ್ಯಾತ್ಮರು ಮಾಲೀ ಹಂಗs ಒಗದಾರ. ದಾರಾ ಬಿಡಿಸಿ ಹಾಕಬೇಕಂತ ಅಷ್ಟೂ ತಿಳೀಬಾರದs ಮನಶ್ಯಾಗ?’ ಹೇಳಿ ಗಂಡನ ಮುಖ ನೋಡಿದಳು, ನಾವಿಬ್ಬರು ಅಂಥವರಲ್ಲ ಎಂಬ ನೋಟ. ಆ ನೋಟ ತಾಳಲಾರದೆ ಅವನು ಕೆರೆಯ ಕಡೆ ತಿರುಗಿದ. ನೀರು ಬೂದು ಬಣ್ಣಕ್ಕಿತ್ತು. ಅವತ್ತೂ ಹೀಗೇ ಇತ್ತು, ಏಪ್ರಿಲಿನಲ್ಲಿ, ಜಿನುಗು ಮಳೆಯ ಬೆಳಗ್ಗೆ. ಇಪ್ಪತ್ತೊಂದು ದಿನ ಕಲ್ಯಾಣಿ ದಿನಕ್ಕೊಂದು ಸೇವಂತಿಗೆ ಮಾಲೆ ಕಟ್ಟಿ ದೇವರಿಗೆ ಹಾಕಿದ್ದಳು, ಹುಬ್ಬಳ್ಳಿಯಲ್ಲಿ ಆತ್ರೇಯನ ಹೃದಯದ ವಾಲ್ವಿನ ಆಪರೇಶನ್ ಸುಸೂತ್ರ ಆಗಲಿ ಎಂದು. ದಾರ ಮುಗಿದಾಗ, ಅಂಗಡಿಗೆ ಇಳಿದು ಹೋಗಲು ಮಂಡಿ ಬಿಡದೆ, ಮೊಮ್ಮಗನ ಟೋಪಿ ಹೆಣೆದು ಉಳಿದಿದ್ದ ನವಿಲು ಬಣ್ಣದ ಉಲ್ಲನ್ನಿನಲ್ಲಿ ಕಟ್ಟಿದ್ದಳು. ಇಪ್ಪತ್ತೊಂದನೆಯ ದಿನ ಎಲ್ಲ ಮಾಲೆಗಳನ್ನೂ ಒಟ್ಟಿಗೆ ಚೀಲಕ್ಕೆ ತುಂಬಿ, ‘ಇವತ್ತ ನೀವs ಕೈಯಾರೆ ಬಿಡ್ರಿ. ಅವನ ಹೆಸರು ಹೇಳಿ ಬಿಡ್ರಿ,’ ಎಂದು ಹೇಳಿ ಅತ್ತಿದ್ದಳು. ಅವನು ರಜೆ ಹಾಕಿ ಬಂದಿದ್ದ. ಅದೇ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಯಾರೋ ಒಬ್ಬ ತನ್ನಂಥವನು ಆತ್ರೇಯನ ತಲೆಯ ಹತ್ತಿರ ನಿಂತು ಎಣಿಸಲು ಹೇಳುತ್ತಿರುತ್ತಾನೆ ಎಂದು ಅವನಿಗೆ ಗೊತ್ತಿತ್ತು. ನೂರಕ್ಕೆ ಎಷ್ಟು ಜನ ಏಳುವುದಿಲ್ಲ ಎಂದೂ ಗೊತ್ತಿತ್ತು, ಅದನ್ನು ಅವಳಿಗೆ ಹೇಳಿರಲಿಲ್ಲ. ಕೆಂಪು ಡಬ್ಬಿಯ ಮುಂದೆ ಅರೆಕ್ಷಣ ನಿಂತ, ಆಮೇಲೆ ಕಟ್ಟೆಯ ಕಡೆ ನಡೆದ. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ.

ಬಿಡಿಸಲು ಕೂತದ್ದು ನಿಜ. ಒದ್ದೆಯಾದ ಉಲ್ಲನ್ನಿನ ಗಂಟು ಊದಿಕೊಂಡಿತ್ತು, ಬೆರಳು ಮರಗಟ್ಟಿದ್ದವು. ಹುಟ್ಟಿದ ಕೂಸಿನ ಕೈಯಲ್ಲಿ ನರ ಹುಡುಕಿ ಸೂಜಿ ಹಾಕುವ ಬೆರಳು, ಎರಡು ಮಾಲೆ ಬಿಡಿಸುವಷ್ಟರಲ್ಲಿ ಸೋತವು. ಇನ್ನೂ ಹತ್ತೊಂಬತ್ತು ಇದ್ದವು. ದೂರದಲ್ಲಿ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು, ಆ ದುರ್ಬೀನಿನ ಮುದುಕನೇ ಇರಬಹುದು ಅನಿಸಿತು. ಅವನು ‘ಆತ್ರೇಯ’ ಎಂದು ನಾಚಿಕೊಂಡು ಒಮ್ಮೆ ಹೇಳಿ ಚೀಲವನ್ನು ಬೋರಲು ಹಾಕಿದ. ಹಳದಿ ಹೂವು ಸ್ವಲ್ಪ ಹೊತ್ತು ತೇಲಿದವು. ನೋಡುತ್ತ ನೋಡುತ್ತ ಅವನಿಗೆ ಯಾಕೋ ಅಳು ಬಂತು, ಹಗುರಾಯಿತು, ಇಷ್ಟು ವರ್ಷದಲ್ಲಿ ಒಂದು ಕೆಲಸವನ್ನಾದರೂ ಹೇಳಿದಂತೆ ಮಾಡಿದೆ ಅನಿಸಿತು. ಮನೆಗೆ ಬಂದಾಗ ಅವಳು ಕೇಳಿದಳು, ದಾರಾ ಬಿಡಿಸಿದ್ರಿಲ್ಲೋ. ಹೂಂ. ಮಧ್ಯಾಹ್ನ ಹುಬ್ಬಳ್ಳಿಯಿಂದ ಫೋನು ಬಂತು, ಆತ್ರೇಯ ಕಣ್ಣು ಬಿಟ್ಟಿದ್ದ. ಕಲ್ಯಾಣಿ ಫೋನು ಕೆಳಗಿಟ್ಟು ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ‘ನಿಮ್ಮ ಕೈಗುಣಾರೀ ಇದು,’ ಎಂದಳು. ಅವಳು ಅವನ ಕೈ ಹಿಡಿದು ಎಷ್ಟು ಕಾಲವಾಗಿತ್ತೋ. ಎರಡು ತಿಂಗಳು ಅವನು ಆ ಮಾತಿನ ಮೇಲೇ ಬದುಕಿದ್ದ. ಆಪರೇಶನ್ ಥಿಯೇಟರಿನಲ್ಲಿ ಗ್ಲೌಸು ಹಾಕಿಕೊಳ್ಳುವಾಗ ಒಮ್ಮೊಮ್ಮೆ ಆ ಕೈಯನ್ನು ತಾನೇ ನೋಡಿಕೊಂಡಿದ್ದೂ ಉಂಟು. ಅವಳಿಗೆ ನಿಜ ತಿಳಿದರೆ ಹೋಗುವುದು ಆ ಕೈ.

ವಾರ್ಡನ್ ಬಂದಳು. ಬಿಳಿಕೂದಲಿನ ತೆಳ್ಳಗಿನ ಹೆಂಗಸು, ಹಸಿರು ಜಾಕೀಟು, ಮೊಣಕಾಲ ತನಕ ಕೆಸರಿನ ಬೂಟು. ಎಲ್ಲರಿಗೂ ಗುಡ್ ಮಾರ್ನಿಂಗ್ ಹೇಳಿ, ನಿಮ್ಮ ಗುಂಪಿಗೆ ಈ ಜಾಗ ಎಷ್ಟು ಇಷ್ಟ ಎಂದು ನನಗೆ ಗೊತ್ತು, ಯಾರ ಮೇಲೂ ಆರೋಪವಿಲ್ಲ, ಆದರೆ ಹೂಮಾಲೆ ಎಂದ ಮೇಲೆ ನಿಮ್ಮನ್ನು ಒಂದು ಮಾತು ಕೇಳದಿದ್ದರೆ ಹೇಗೆ ಎಂದು ಬಂದೆ ಎಂದಳು. ಅಷ್ಟು ಮರ್ಯಾದೆಯಿಂದ ಕೇಳಿದ್ದಕ್ಕೇ ಎಲ್ಲರಿಗೂ ಅವಮಾನವಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಮಾಧವ ಮುಟ್ಟಿಕೊಳ್ಳಲಿಲ್ಲ, ಮುಖದಲ್ಲಿ ಏನೂ ಕಾಣದಂತೆ ನಿಲ್ಲುವುದು ಅವನ ಉದ್ಯೋಗದ ಅರ್ಧ ಭಾಗ. ಆದರೆ ಒಬ್ಬೊಬ್ಬರ ಕಣ್ಣೂ ಮೆಲ್ಲಗೆ ಜಾರಿ ನೀಲವ್ವನ ತುರುಬಿನ ಮಲ್ಲಿಗೆಯ ಮೇಲೆ ನಿಂತದ್ದನ್ನು ಅವನು ನೋಡಿದ. ನೋಡಿ, ಅಬ್ಬಾ ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು, ಆದರೆ ಅಂದುಕೊಂಡದ್ದು ಮೊದಲು.

ವಾಸು ಕೆಂಪಾಗಿದ್ದ. ‘ಅತ್ತೆ, ನೀವೇನಾದ್ರೂ ನೀರಿಗೆ ಹಾಕಿದ್ರಾ? ನಿಜ ಹೇಳಿ, ಇಲ್ಲಿ ಇವೆಲ್ಲ ಬಹಳ ಸೀರಿಯಸ್ಸು.’

‘ನಾ ಯಾಕ್ ಒಗೀಲಿ ಯಪ್ಪಾ?’ ನೀಲವ್ವ ತುರುಬು ಮುಟ್ಟಿಕೊಂಡಳು. ‘ನನ್ನ ಹೂವು ನನ್ನ ತಲ್ಯಾಗs ಐತಿ ನೋಡು. ಬೇಕಾರ ಎಣಸು.’

ಯಾರೋ ಕಿಸಕ್ಕೆಂದರು. ವಾಸು ಅದಕ್ಕೂ ನಾಚಿ, ವಾರ್ಡನ್ ಕಡೆ ತಿರುಗಿ, ಇವರಿಗೆ ವಯಸ್ಸಾಗಿದೆ, ಇಲ್ಲಿಯ ನಿಯಮ ಗೊತ್ತಿಲ್ಲ ಎಂದೇನೋ ಗೊಣಗಿದ. ಅದು ಒಪ್ಪಿಕೊಂಡಂತೆಯೇ ಕೇಳಿಸಿತು. ಮಾಧವ ಬಾಯಿ ತೆರೆದ. ‘ಆಕ್ಚುವಲೀ,’ ಎಂದ. ವಾರ್ಡನ್ ಅವನ ಕಡೆ ಕಣ್ಣೆತ್ತಿದಳು, ತಿಳಿ ನೀಲಿಯ ಕಣ್ಣು, ಆಪರೇಶನ್ನಿಗೆ ಮುಂಚೆ ರೋಗಿಗಳು ನೋಡುವಂತೆ ನಂಬಿಕೆಯಿಂದ ನೋಡಿದಳು. ‘ಇಟ್ಸ್ ಎ ಗ್ರೇಟ್ ಪಿಟಿ,’ ಎಂದು ಮುಗಿಸಿದ.

‘ಅವರನ್ನ್ಯಾಕ ಕೇಳತೀರಿ ವಾಸು?’ ಕಲ್ಯಾಣಿ ಕೋಲೂರಿ ಮುಂದೆ ಬಂದಳು. ‘ಇಲ್ಲೆ ಹೂವು ಹಾಕೋರು ನಾವು. ನನ್ನ ಕೇಳ್ರಿ.’ ಆಮೇಲೆ ವಾರ್ಡನ್‌ಗೆ ತನ್ನ ನಿಧಾನದ ಇಂಗ್ಲಿಷಿನಲ್ಲಿ ಹೇಳಿದಳು. ಪೂಜೆಯ ಹೂವನ್ನು ನಾವು ಕಸಕ್ಕೆ ಹಾಕುವುದಿಲ್ಲ. ನನ್ನ ಗಂಡ ಎರಡು ವರ್ಷದಿಂದ ಪ್ರತಿ ಶನಿವಾರ ಆ ಮರದ ಕಟ್ಟೆಯಿಂದ ನೀರಿಗೆ ಬಿಡುತ್ತಾರೆ. ಆದರೆ ಬರೀ ಹೂವು, ದಾರ ಬಿಡಿಸಿ ಮನೆಗೆ ತರುತ್ತಾರೆ. ನಾನು ಪ್ರತಿ ಸಲವೂ ಕೇಳುತ್ತೇನೆ. ಅವರು ಡಾಕ್ಟರು, ಇಂಥ ವಿಷಯದಲ್ಲಿ ಬಹಳ ಜಾಗ್ರತೆ. ಆದ್ದರಿಂದ ಈ ಹಕ್ಕಿಗೆ ಹೀಗಾದದ್ದು ನಮ್ಮಿಂದಲ್ಲ. ಹೂವು ಹಾಕುವುದೇ ತಪ್ಪಾದರೆ ಕ್ಷಮಿಸಿ, ಮುಂದೆ ಹಾಕುವುದಿಲ್ಲ. ಅದನ್ನೆಲ್ಲ ಅವಳು ತಲೆಯೆತ್ತಿ ಹೇಳಿದಳು. ಇದೊಂದು ಸಂಗತಿಯನ್ನು ಇಂಗ್ಲಿಷಿನಲ್ಲಿ ಹೇಳುವುದು ಎಷ್ಟು ಸುಲಭವಾಗಿತ್ತು ಎಂದು ಮಾಧವ ಕೇಳುತ್ತ ನಿಂತ.

ಪ್ರತಿ ಶನಿವಾರವೇ ಎಂದು ವಾರ್ಡನ್ ಹುಬ್ಬು ಗಂಟಿಕ್ಕಿದಳು. ವಿಚಿತ್ರವಲ್ಲ? ಶನಿವಾರ ಮಧ್ಯಾಹ್ನ ನಾವು ಆ ಕಟ್ಟೆಯ ಸುತ್ತ ಬಲೆ ಹಾಕಿ ಕಸ ತೆಗೆದು ನೀರು ಸ್ವಚ್ಛ ಮಾಡುತ್ತೇವೆ, ಹತ್ತು ವರ್ಷದಿಂದ ಮಾಡುತ್ತಿದ್ದೇವೆ. ಈ ವಸಂತದ ತನಕ ಒಂದು ಹೂವಿನ ಎಸಳೂ ಕಂಡದ್ದಿಲ್ಲ. ಹಾಗೆಂದು ಜಾಕೀಟಿನ ಜೇಬಿನಿಂದ ಒಂದು ಸಣ್ಣ ಪ್ಲಾಸ್ಟಿಕ್ ಪೊಟ್ಟಣ ತೆಗೆದು ಹಿಡಿದಳು. ಒಳಗೆ ಒಂದು ಹಿಡಿ ಉಲ್ಲನ್. ಕೆಸರು ಹತ್ತಿ ಮಾಸಿತ್ತು, ಆದರೂ ನವಿಲು ಬಣ್ಣವೇ. ಮಧ್ಯದಲ್ಲಿ ಎರಡು ಸೇವಂತಿಗೆಯ ತೊಟ್ಟು ಗಂಟಿನಲ್ಲಿ ಹಾಗೇ ಉಳಿದಿದ್ದವು, ಕಲ್ಯಾಣಿ ಹಾಕುವ ಜೋಡಿ ಗಂಟು.

ಮಾಧವ ಅವಳ ಮುಖ ನೋಡಲಿಲ್ಲ, ಕೋಲು ಹಿಡಿದ ಅವಳ ಕೈ ನೋಡಿದ. ಆಮೇಲೆ ಅವಳು ಪೊಟ್ಟಣ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿ ವಾಪಸು ಕೊಟ್ಟಳು. ‘ದಿಸ್ ಈಸ್ ಮೈನ್,’ ಎಂದಳು. ನಾನೇ ಕಟ್ಟಿದ್ದು. ನಾನೇ ಹಾಕಿದ್ದು. ದಾರ ಬಿಡಿಸಲು ಮರೆತೆ. ಐ ಯಾಮ್ ವೆರಿ ಸಾರಿ. ಗುಂಪಿನಲ್ಲಿ ಯಾರೋ ಕೆಮ್ಮಿದರು. ಏಪ್ರಿಲಿನಲ್ಲಿ ಆಂಟಿ ಮೆಟ್ಟಿಲಿಳಿಯುವುದೂ ಕಷ್ಟವಿತ್ತಲ್ಲ ಎಂದು ವಾಸುವಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಅತ್ತೆ ಬಚಾವಾದ ನೆಮ್ಮದಿಯಲ್ಲಿ ಅವನು ಕ್ಯಾಮೆರಾದ ಲೆನ್ಸು ಒರೆಸುತ್ತಿದ್ದ. ವಾರ್ಡನ್ ಕಲ್ಯಾಣಿಯ ತೋಳು ಮುಟ್ಟಿ, ಹೇಳಿದಿರಲ್ಲ, ಅದು ದೊಡ್ಡದು, ಗೊತ್ತಿಲ್ಲದೆ ಆದದ್ದು ಎಂದಳು. ಶಾಲೆಯಲ್ಲಿ ಕಿಟಕಿ ಒಡೆದ ಹುಡುಗಿಗೆ ಹೇಳುವಂಥ ದನಿ. ಅರವತ್ತರ ಹತ್ತಿರದ ಹೆಂಗಸು ಅದನ್ನು ತಲೆ ತಗ್ಗಿಸಿ ಕೇಳಿಸಿಕೊಂಡಳು. ಈಗ ಹೇಳು, ಈಗ, ಎಂದು ಮಾಧವ ತನಗೆ ಹೇಳಿಕೊಂಡ. ಹತ್ತು, ಒಂಬತ್ತು, ಎಂಟು. ಗುಂಪು ನಡೆಯತೊಡಗಿತು, ಅವನೂ ನಡೆದ.

ಮರಿಗಳು ಕಾಣುತ್ತವೆ ಬನ್ನಿ ಎಂದು ವಾರ್ಡನ್ ಎಲ್ಲರನ್ನೂ ಜೊಂಡಿನ ನಡುವಿನ ಮರದ ಗೂಡಂಗಡಿಯಂಥ, ಹಕ್ಕಿ ನೋಡಲೆಂದೇ ಕಟ್ಟಿದ ಮರೆಗೆ ಕರೆದೊಯ್ದಳು. ಉದ್ದನೆಯ ಕಿಂಡಿ, ಕಿಂಡಿಯ ಮುಂದೆ ಬೆಂಚು. ಕಲ್ಯಾಣಿ ಒಂದು ತುದಿಗೆ ಕೂತಳು, ಪಕ್ಕದಲ್ಲಿ ನೀಲವ್ವ. ಮಾಧವ ಹಿಂದೆ ನಿಂತು ಅವರ ತಲೆಗಳ ಮೇಲಿಂದ ನೋಡಿದ. ಹದಿನೈದು ಅಡಿ ಆಚೆ ನೀರಿನ ಮೇಲೆ ಗೂಡು, ಒಣ ಜೊಂಡು, ಒಂದು ಚಿಪ್ಸ್ ಪೊಟ್ಟಣ, ಸುತ್ತ ಹೆಣೆದುಕೊಂಡ ನವಿಲು ಬಣ್ಣದ ಎಳೆಗಳು. ಇನ್ನೂ ತೆಗೆಯಲು ಆಗಿಲ್ಲ, ಗೂಡು ಮುಟ್ಟಿದರೆ ಗಂಡು ಹಕ್ಕಿಯೂ ಮರಿಗಳನ್ನು ಬಿಟ್ಟು ಹೋದೀತು ಎಂದು ವಾರ್ಡನ್ ಪಿಸುಗುಟ್ಟಿದಳು. ಮೂರು ಮರಿ, ಕೆಂಪು ಬೋಳುತಲೆಯವು. ಕಪ್ಪು ಹಕ್ಕಿಯೊಂದು ಹಣೆಯ ಬಿಳಿ ನಾಮ ಹೊತ್ತು ಮುಳುಗುತ್ತಿತ್ತು, ಏಳುತ್ತಿತ್ತು, ಒಂದು ಮರಿಯ ಬಾಯಿಗೆ ಏನೋ ತುರುಕಿ ಮತ್ತೆ ಮುಳುಗುತ್ತಿತ್ತು. ಅದಕ್ಕೆ ದಣಿವಾದಂತೆ ಕಾಣುತ್ತಿತ್ತು, ಅಥವಾ ನೋಡುವವನಿಗೆ ದಣಿವಾಗಿತ್ತು.

‘ತಂದಿ ಸಾಕಾಕತ್ತಾನ ನೋಡ್ರಿ,’ ಎಂದಳು ನೀಲವ್ವ. ‘ಹೋಗಾಕಿ ಹ್ವಾದ್ಲು ಪಾಪ. ಬಿಡ್ರಿ ಅಕ್ಕಾರ, ಬೇಕಂತ ಮಾಡಿದ್ದಲ್ಲ ನೀವು. ಗಣಮಗಾ ಒಮ್ಮೊಮ್ಮೆ ಛಲೋ ಕೆಲಸಾ ಮಾಡತಾನ.’

ಕಲ್ಯಾಣಿ ಎಷ್ಟೋ ಹೊತ್ತು ಗೂಡನ್ನೇ ನೋಡುತ್ತಿದ್ದಳು. ಉಳಿದವರು ಕೆರೆ ಸುತ್ತು ಹಾಕಲು ಹೊರಟಾಗ, ನನ್ನ ಕಾಲಿಗೆ ಇವತ್ತಿಗೆ ಸಾಕು ಎಂದು ವಾಸುವಿಗೆ ಹೇಳಿ ಕಾರ್ ಪಾರ್ಕಿನ ಕಡೆ ತಿರುಗಿದಳು. ಮಾಧವ ನಾಲ್ಕು ಹೆಜ್ಜೆ ಹಿಂದೆ ನಡೆದ. ನಿರ್ಮಾಲ್ಯದ ಚೀಲ ಅವಳ ಕೈಯಲ್ಲೇ ಇತ್ತು. ಬೆಂಚಿನ ಹತ್ತಿರ ಬಂದು ನಿಂತಳು, ಅವನ ಕಡೆ ತಿರುಗದೆ ಕೇಳಿದಳು.

‘ಎರಡು ವರ್ಷದ್ದು ಎಲ್ಲೆ ಹಾಕಿದ್ರಿ?’

ಮರದ ಬುಡಕ್ಕೆ ಎನ್ನಬಹುದಿತ್ತು. ಹತ್ತಿರದಲ್ಲೇ ದೊಡ್ಡದೊಂದು ಮರವೂ ಇತ್ತು. ಅವನು ಕೈಯೆತ್ತಿ ಡಬ್ಬಿ ತೋರಿಸಿದ. ಕಲ್ಯಾಣಿ ಕೋಲೂರಿಕೊಂಡು ಅದರ ತನಕ ಹೋದಳು. ಚಾಳೀಸು ಹಾಕಿಕೊಂಡು, ಬೇಲಿಯ ಮೇಲಿನ ಕಾಗದ ಓದಿದಷ್ಟೇ ನಿಧಾನವಾಗಿ, ಕೌನ್ಸಿಲಿನವರ ವಿನಂತಿ ಓದಿದಳು.

‘ನಾಯೀದು?’

‘ಹೌದು.’

‘ಆತ್ರೇಯಂದೂ ಇದರಾಗs?’

‘ಇಲ್ಲ. ಅದೊಂದs ನೀರಿಗೆ ಹಾಕಿದೆ. ಅವನ ಹೆಸರು ಹೇಳೇ ಹಾಕಿದೆ.’ ಅವನ ದನಿ ಅವನಿಗೇ ಬೇರೆಯವರದೆನಿಸಿತು. ‘ದಾರಾ ಬಿಡಿಸಲಿಲ್ಲ.’

ಅವಳು ಬೈಯುತ್ತಾಳೆಂದು ಕಾದ. ಬೈದಿದ್ದರೆ ಒಳ್ಳೆಯದಿತ್ತು. ಅವಳು ವಾಪಸು ಬಂದು ಬೆಂಚಿನ ಮೇಲೆ ಹೊಸ ಮಂಡಿಯನ್ನು ಉದ್ದಕ್ಕೆ ಚಾಚಿ ಕೂತಳು. ಚೀಲ ಬಿಚ್ಚಿ ಈ ವಾರದ ಮಾಲೆಗಳನ್ನು ಹೊರಗೆ ತೆಗೆದು ಉಡಿಯಲ್ಲಿ ಹಾಕಿಕೊಂಡು ಒಂದೊಂದೇ ಹೂವು ಬಿಡಿಸತೊಡಗಿದಳು. ನಿಂತಿರುವುದು ಅವನಿಗೆ ಆಗಲಿಲ್ಲ. ‘ಬಂದೆ,’ ಎಂದು ಹೇಳಿ ಮತ್ತೆ ಕೆರೆಯ ಕಡೆ ನಡೆದ, ನಡಿಗೆ ಜೋರಾಯಿತು, ಕೊನೆಯ ಇಪ್ಪತ್ತು ಗಜ ಓಡಿಯೇಬಿಟ್ಟ. ವಾರ್ಡನ್ ಮರೆಯ ಬಾಗಿಲಲ್ಲಿ ಥರ್ಮಾಸಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದಳು. ಏದುಸಿರು ಬಿಡುತ್ತಲೇ ಹೇಳಿದ: ಅದು ನನ್ನ ಹೆಂಡತಿಯಲ್ಲ, ನಾನು. ಏಪ್ರಿಲಿನಲ್ಲಿ ಅವಳಿಗೆ ನಡೆಯಲೂ ಆಗುತ್ತಿರಲಿಲ್ಲ. ನಾನೇ ಹಾಕಿದೆ, ದಾರದ ಸಮೇತ, ಅವಳು ಬೇಡವೆಂದು ಹೇಳಿದ್ದರೂ. ಅವಳು ನನ್ನನ್ನು ಉಳಿಸಲು ಹಾಗೆ ಹೇಳಿದಳು. ಇಷ್ಟನ್ನೂ ಅವನು ಒಂದೇ ಉಸಿರಿನಲ್ಲಿ ಹೇಳಿದ, ಇಂಗ್ಲಿಷು ಎಲ್ಲಿಯೂ ಎಡವಲಿಲ್ಲ. ವಾರ್ಡನ್ ಕೇಳಿಸಿಕೊಂಡಳು. ಅವಳ ಮುಖ ಮೃದುವಾಯಿತು. ಅವನ ಬಲಗೈಯನ್ನು ಹಿಡಿದು ಸಣ್ಣಗೆ ಅದುಮಿ, ‘ಹೌ ವೆರಿ ಕೈಂಡ್ ಆಫ್ ಯೂ,’ ಎಂದಳು. ಆಕೆ ಆಗಲೇ ಎಲ್ಲ ಹೇಳಿಕೊಂಡಿದ್ದಾರೆ, ನೀವು ಅವರ ತಪ್ಪನ್ನು ಮೈಮೇಲೆ ಹಾಕಿಕೊಳ್ಳಬೇಕಾಗಿಲ್ಲ. ನನ್ನ ಗಂಡನೂ ಹೀಗೇ ಇದ್ದ. ಅವನು ಇಲ್ಲ, ಇಲ್ಲ, ನಿಜವಾಗಿಯೂ ಎಂದ. ಅವಳು ಗೊತ್ತು ಗೊತ್ತು ಎಂದು ತಲೆಯಾಡಿಸಿ, ಚಹಾ ಕುಡಿಯುತ್ತೀರಾ ಎಂದು ಕೇಳಿದಳು.

ವಾಪಸು ಬರುವ ಹೊತ್ತಿಗೆ ಕಲ್ಯಾಣಿಯ ಉಡಿ ತುಂಬ ಬಿಡಿ ಹೂವು. ದಾರವನ್ನು ತೋರುಬೆರಳಿಗೆ ಸುತ್ತಿಕೊಂಡಿದ್ದಳು, ಬೆರಳಿನ ತುದಿ ಕೆಂಪಾಗುವಷ್ಟು.

‘ಎಲ್ಲೆ ಹೋಗಿದ್ರಿ?’

‘ಅಕಿ ಮುಂದ ಹೇಳಿ ಬಂದೆ. ನಾನs ಮಾಡಿದ್ದಂತ.’

‘ಏನಂದ್ಲು?’

ಅವನು ಸುಳ್ಳು ಹೇಳಬಹುದಿತ್ತು, ಅಭ್ಯಾಸವೂ ಇತ್ತು. ‘ನಂಬಲಿಲ್ಲ,’ ಎಂದ. ‘ನಾ ಭಾಳ ಛಲೋ ಗಂಡಾ ಅಂದ್ಲು.’

ಕಲ್ಯಾಣಿ ಅವನ ಮುಖ ನೋಡಿದಳು. ನಕ್ಕಳು ಎಂದು ಒಂದು ಕ್ಷಣ ಅವನಿಗೆ ಅನಿಸಿತು, ನಗು ಇರಲಿಲ್ಲ. ಹೂವನ್ನೆಲ್ಲ ಜೋಪಾನವಾಗಿ ಸೆರಗಿನ ತುದಿಗೆ ಕಟ್ಟಿಕೊಂಡು ಏಳಲು ಮುಂದಕ್ಕೆ ಬಾಗಿದಳು. ಕೂತಲ್ಲಿಂದ ಏಳುವುದೊಂದು ಇನ್ನೂ ಅವಳೊಬ್ಬಳಿಂದ ಆಗುತ್ತಿರಲಿಲ್ಲ. ಐದು ತಿಂಗಳಿಂದ ಅವನ ಬಲಗೈಯೇ ಆಸರೆ. ಅವನು ಕೈ ಚಾಚಿದ. ಅವಳು ಬೆರಳಿನಿಂದ ದಾರದ ಸುರುಳಿ ಬಿಚ್ಚಿ ಆ ಅಂಗೈಯಲ್ಲಿಟ್ಟಳು.

‘ಒಲಿ ಇಲ್ಲ ಈ ಊರಾಗ,’ ಎಂದಳು. ‘ನಿಮ್ಮ ಕಡೇನs ಇರಲಿ.’

ಆಮೇಲೆ ಬೆಂಚಿನ ಬೆನ್ನನ್ನು ಎರಡೂ ಕೈಯಿಂದ ಹಿಡಿದು, ಒಮ್ಮೆ ಆಗದೆ, ಎರಡನೆಯ ಸಲಕ್ಕೆ ಎದ್ದು ನಿಂತಳು, ಕೋಲು ತೆಗೆದುಕೊಂಡು ಕಾರಿನ ಕಡೆ ನಡೆದಳು.